ಕರುವೋ, ಕುರಿಮರಿಯೋ?

ಕೇಳಿದ ಮಾತನ್ನು ಇನ್ನೊಬ್ಬರಿಗೆ ತಲಪಿಸುವುದು ನೋಡುವುದಕ್ಕೆ ಸುಲಭವಾದ ಕೆಲಸ. ಮಾಡಲು ಹೊರಟಾಗಲೇ ಅದರ ಕಷ್ಟ ತಿಳಿಯುವುದು. ಪೇಟೆಗೆ ಹೋಗುವವನ ಕೈಯಲ್ಲಿ ಹೇಳಿ ಕಳಿಸಿದ ಎರಡು ಮಾತು ದಾರಿಯಲ್ಲಿ ನಾಲ್ಕಾಗುವುದುಂಟು, ಒಂದೂ ಇಲ್ಲವಾಗುವುದುಂಟು. ಹೀಗಿರುವಾಗ ಎರಡು ಸಾವಿರ ವರ್ಷಗಳ ಹಿಂದೆ, ಬೇರೆ ನಾಡಿನಲ್ಲಿ, ಬೇರೆ ಭಾಷೆಯಲ್ಲಿ ಆಡಿದ ಮಾತನ್ನು ಚನ್ನಪಟ್ಟಣದ ಒಂದು ಬೀದಿಯಲ್ಲಿ ಕುಳಿತು ಹತ್ತಾರು ಮಕ್ಕಳಿಗೆ ಹೇಳಬೇಕಾದವನ ಪಾಡು ಹೇಗಿರಬೇಡ? ನಾನು ಕ್ರೈಸ್ತ. ಭಾನುವಾರಗಳಲ್ಲಿ ಮಕ್ಕಳಿಗೆ ಬೈಬಲಿನ ಪಾಠ ಹೇಳುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಪಾದ್ರಿಯಲ್ಲ, ಪಂಡಿತನೂ ಅಲ್ಲ. ಈ ಕೆಲಸದಲ್ಲಿ ನನ್ನನ್ನು ಕಾಡುತ್ತ ಬಂದಿರುವ ಒಂದು ಪ್ರಶ್ನೆಯನ್ನು ಓದುಗರ ಮುಂದಿಡುತ್ತೇನೆ. ಅದು ಕ್ರೈಸ್ತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಹಿರಿಯರಿಂದ ಪಡೆದದ್ದನ್ನು ಕಿರಿಯರಿಗೆ ಕೊಡಬೇಕಾದ ಎಲ್ಲರ ಪ್ರಶ್ನೆಯೂ ಹೌದು.

ಪ್ರಶ್ನೆ ನಾನು ಹುಟ್ಟಿಸಿದ್ದಲ್ಲ. ಇದೇ ಮೈಸೂರು ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ಕೆಲಸ ಮಾಡಿದ ಅಬೆ ದ್ಯುಬ್ವಾ ಎಂಬ ಫ್ರೆಂಚ್ ಪಾದ್ರಿಗಳು ಅದನ್ನು ಬರೆದಿಟ್ಟಿದ್ದಾರೆ. ಅವರು 1792ರಲ್ಲಿ ಇಂಡಿಯಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರ ಪಾಲನೆಗೆಂದು ಮೈಸೂರಿಗೆ ಬಂದರು. ಈ ನೆಲದ ಉಡುಗೆ ಉಟ್ಟು, ಈ ನೆಲದ ಊಟ ಉಂಡು, ಜನರಿಗೆ ಸಿಡುಬಿನ ದೇವಿ ಹಾಕಿಸಲು ಶ್ರಮಿಸಿ, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’ ಎನ್ನಿಸಿಕೊಂಡರು. 1823ರಲ್ಲಿ ಸ್ವದೇಶಕ್ಕೆ ಮರಳಿದರು. ಇಂಡಿಯದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ.

ಒಮ್ಮೆ ಅವರು ಸಭೆಯವರಿಗೆ ದುಂದುಗಾರ ಮಗನ ಸಾಮ್ಯವನ್ನು ವಿವರಿಸಿದರಂತೆ. ಕಥೆ ಹಲವರಿಗೆ ಗೊತ್ತಿರಬಹುದು. ಇಬ್ಬರು ಮಕ್ಕಳಲ್ಲಿ ಕಿರಿಯವನು ತನ್ನ ಪಾಲು ಕೇಳಿ ಪಡೆದು, ದೂರದೇಶಕ್ಕೆ ಹೋಗಿ, ಎಲ್ಲವನ್ನೂ ಕಳೆದು, ಹಂದಿ ಕಾಯುವ ಸ್ಥಿತಿಗೆ ಇಳಿದು, ಕಡೆಗೆ ಮನೆಗೆ ತಿರುಗುತ್ತಾನೆ. ತಂದೆ ದೂರದಿಂದಲೇ ಅವನನ್ನು ಕಂಡು ಓಡಿಹೋಗಿ ತಬ್ಬಿಕೊಂಡು, ಹಬ್ಬಕ್ಕೆಂದು ಕೊಬ್ಬಿಸಿಟ್ಟಿದ್ದ ಕರುವನ್ನು ಕೊಯ್ಯಿಸಿ ಊಟ ಹಾಕಿಸುತ್ತಾನೆ. ಪಾಠ ಮುಗಿದ ಮೇಲೆ ಸಭೆಯವರೇ ಆದ ಕೆಲವರು ಪಾದ್ರಿಗಳ ಬಳಿ ಬಂದು, ಮುಖ ಗಂಟಿಕ್ಕಿಕೊಂಡು, ಆ ಕರುವಿನ ಮಾತು ಎತ್ತಬಾರದಿತ್ತು ಎಂದರು. ಹಿಂದೂಗಳು ಯಾರಾದರೂ ಕೇಳಿಸಿಕೊಂಡಿದ್ದರೆ ಕ್ರೈಸ್ತರದು ಕೀಳು ಜನರ ಮತವೆಂಬ ಅವರ ಎಣಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು ಎಂಬುದು ಅವರು ಕೊಟ್ಟ ಕಾರಣ. ಮುಂದೆ ಈ ಕಥೆ ಹೇಳುವಾಗ ಕರುವಿನ ಜಾಗದಲ್ಲಿ ಕುರಿಮರಿಯನ್ನು ಇಟ್ಟುಬಿಡಿ ಎಂದು ಸಲಹೆಯನ್ನೂ ಕೊಟ್ಟರು.

ದ್ಯುಬ್ವಾ ಅವರು ಇದರಿಂದ ತೆಗೆದ ತೀರ್ಮಾನ ನಿರಾಶೆಯದು. ಸಿದ್ಧತೆಯಿಲ್ಲದ ಜನರ ಕೈಗೆ ಬರಿಯ ಬೈಬಲನ್ನು ಅವರವರ ಭಾಷೆಯಲ್ಲಿ ಅಚ್ಚುಹಾಕಿ ಕೊಡುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂದು ಅವರು ವಾದಿಸಿದರು. ಅತ್ತ ಬಳ್ಳಾರಿಯಲ್ಲಿ, 1810ರಲ್ಲಿ ಅಲ್ಲಿಗೆ ಬಂದಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಇದಕ್ಕೆ ತೀರ ವಿರುದ್ಧವಾದ ನಂಬಿಕೆಯಿಂದ ಕನ್ನಡ ಅನುವಾದದಲ್ಲಿ ತೊಡಗಿದ್ದರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಇಂದು ನಾವು ಓದುವ ಕನ್ನಡ ಬೈಬಲಿನಲ್ಲಿ ಆ ಕರು ಕರುವಾಗಿಯೇ ಉಳಿದಿದೆ. ಚರಿತ್ರೆ ತೀರ್ಪು ಕೊಟ್ಟಾಯಿತು ಎನ್ನಬಹುದು. ಆದರೆ ಪುಸ್ತಕದಲ್ಲಿ ಉಳಿದ ಮಾತ್ರಕ್ಕೆ ಹೇಳುವವನ ಬಾಯಲ್ಲಿ ಉಳಿಯಬೇಕೆಂದೇನೂ ಇಲ್ಲವಲ್ಲ. ಪ್ರತಿ ವರ್ಷ ಆ ಪಾಠ ಬಂದಾಗ ನನ್ನಂಥವನು ಮತ್ತೆ ತೀರ್ಮಾನಿಸಬೇಕಾಗುತ್ತದೆ: ಕರುವೋ, ಕುರಿಮರಿಯೋ?

ಬೈಬಲಿನಲ್ಲೇ ಇದಕ್ಕೆ ನೇರ ಉತ್ತರ ಹುಡುಕಿದರೆ ಎರಡು ಬಗೆಯ ಮಾತು ಸಿಗುತ್ತದೆ. ಪೌಲನು ತನ್ನ ಶಿಷ್ಯ ತಿಮೊಥೆಗೆ ಬರೆದ ಕಾಗದಗಳಲ್ಲಿ ಬೋಧನೆಯನ್ನು ನಂಬಿ ಒಪ್ಪಿಸಿದ ಒಡವೆಯಂತೆ ಕಾಣುತ್ತಾನೆ. ಅದನ್ನು ಕಾಪಾಡಬೇಕು, ನಂಬಿಕಸ್ಥರಾದವರ ಕೈಗೆ ಕೊಡಬೇಕು, ಅವರು ಮತ್ತೊಬ್ಬರಿಗೆ ಕಲಿಸಬೇಕು. ನೆರೆಯವನು ಊರಿಗೆ ಹೋಗುವಾಗ ಕೊಟ್ಟುಹೋದ ಸರವನ್ನು ಕರಗಿಸಿ ಬಳೆ ಮಾಡಿಸಲು ನಮಗೆ ಹಕ್ಕಿಲ್ಲ. ಆದರೆ ಯೇಸು ಹೇಳಿದ ತಲಾಂತುಗಳ ಸಾಮ್ಯದಲ್ಲಿ, ಯಜಮಾನನು ಕೊಟ್ಟದ್ದನ್ನು ನೆಲದಲ್ಲಿ ಹೂತಿಟ್ಟು, ಕೂದಲು ಕೊಂಕದಂತೆ ಹಿಂದಕ್ಕೆ ಒಪ್ಪಿಸಿದ ಆಳೇ ಬೈಗುಳ ತಿಂದವನು. ಒಂದು ಕಡೆ, ಕೊಟ್ಟದ್ದನ್ನು ಕೆಡಿಸಬೇಡ ಎಂಬ ಆಜ್ಞೆ. ಇನ್ನೊಂದು ಕಡೆ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹೂತಿಡಬೇಡ ಎಂಬ ಆಜ್ಞೆ. ಶಿಷ್ಯನಾದವನು ಎರಡರ ನಡುವೆ ನಿಂತವನು.

ಇದಕ್ಕೆ ಬೆಳಕು ನಮ್ಮ ತಾಲ್ಲೂಕಿನಲ್ಲೇ ಇದೆ. ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅವರ ಶಿಷ್ಯರು ವ್ಯಾಸರಾಯರು. ಮುಳಬಾಗಿಲಿನ ಶ್ರೀಪಾದರಾಯರಲ್ಲಿ ಓದಿ, ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿ, ಸಂಸ್ಕೃತದಲ್ಲಿ ‘ನ್ಯಾಯಾಮೃತ’ದಂಥ ಕಠಿನವಾದ ತರ್ಕಗ್ರಂಥಗಳನ್ನು ಬರೆದವರು. ವ್ಯಾಸರಾಯರ ಶಿಷ್ಯರಾದ ಪುರಂದರದಾಸರು ಮಳೂರಿನ ಅಂಬೆಗಾಲು ಕೃಷ್ಣನನ್ನು ಕಂಡು ಹಾಡಿದರೆಂದು ಇಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಗುರುವಿನ ತರ್ಕಕ್ಕೂ ಶಿಷ್ಯನ ಪದಕ್ಕೂ ಹೊರಗಣ ಹೋಲಿಕೆ ಏನೇನೂ ಇಲ್ಲ. ಭಾಷೆ ಬೇರೆ, ಕೇಳುವ ಜನ ಬೇರೆ, ಕೇಳುವ ಹೊತ್ತು ಬೇರೆ. ಆದರೂ ದಾಸರು ಗುರುವಿನ ಸಿದ್ಧಾಂತವನ್ನು ಕೆಡಿಸಿದರು ಎಂದು ಯಾರೂ ಹೇಳಲಿಲ್ಲ. ಮನೆಮನೆಗೆ ಮುಟ್ಟಿಸಿದರು ಎಂದೇ ಹೇಳಿದರು. ನಿಷ್ಠೆಯೆಂದರೆ ಅಕ್ಷರವನ್ನು ಅಲುಗಿಸದೆ ಇರುವುದಷ್ಟೇ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಕ್ರೈಸ್ತರಲ್ಲೂ ಇಂಥ ಉದಾಹರಣೆ ಇದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡ ಪದ್ಯವಾಗಿ ರಚಿಸಿ 1862ರಲ್ಲಿ ಪ್ರಕಟಿಸಿದರು. ಆಮೇಲೆ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಇವುಗಳನ್ನು ಸಂಪಾದಿಸಿದರು; 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕೊಟ್ಟರು. ಹೇಳುವುದಕ್ಕೆಂದು ಬಂದವರು ನಲವತ್ತು ವರ್ಷ ಕೇಳುವುದಕ್ಕೆ ಕುಳಿತರು. ಇನ್ನೊಬ್ಬರ ನುಡಿಯನ್ನು ಅಷ್ಟು ಆಸ್ಥೆಯಿಂದ ಕೇಳಿಸಿಕೊಂಡವನಿಗೇ ಆ ನುಡಿಯಲ್ಲಿ ತನ್ನದನ್ನು ಹೇಳುವ ಅಧಿಕಾರ ಬರುತ್ತದೆಂದು ನನ್ನ ಭಾವನೆ.

ಹಾಗಾದರೆ ಕರುವನ್ನು ಕುರಿಮರಿ ಮಾಡುವುದೂ ಇಂಥದೇ ಒಂದು ಅನುವಾದವಲ್ಲವೆ? ತಂದೆಯ ಸಂತೋಷ ತಾನೆ ಮುಖ್ಯ, ಕೊಯ್ದ ಪ್ರಾಣಿ ಯಾವುದಾದರೇನು? ಮೇಲುನೋಟಕ್ಕೆ ಇದು ಸರಿಯಾಗಿಯೇ ತೋರುತ್ತದೆ. ಇಲ್ಲಿ ನಾನು ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದೇನೆ. ಬದಲಾವಣೆ ಯಾರ ಸಲುವಾಗಿ? ಕೇಳುವವನಿಗೆ ಅರ್ಥವಾಗಲೆಂದೋ, ಹೇಳುವವನ ಮಾನ ಉಳಿಯಲೆಂದೋ? ಪುರಂದರದಾಸರೂ ಕಿಟ್ಟೆಲರೂ ಮಾತನ್ನು ಬದಲಿಸಿದ್ದು ಕೇಳುವವರ ಸಲುವಾಗಿ. ದ್ಯುಬ್ವಾ ಅವರ ಸಭೆಯವರು ಕುರಿಮರಿಯನ್ನು ಕೇಳಿದ್ದು ಕಥೆ ಅರ್ಥವಾಗಲಿಲ್ಲವೆಂದಲ್ಲ. ಅದು ಚೆನ್ನಾಗಿಯೇ ಅರ್ಥವಾಗಿತ್ತು. ಊರಿನ ಕಣ್ಣಿನಲ್ಲಿ ತಾವು ಕೀಳಾಗುತ್ತೇವೆಂಬುದು ಅವರ ಭಯ.

ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಜಾತಿಯ ತಕ್ಕಡಿಯಲ್ಲಿ ದಿನವೂ ತೂಗಿಸಿಕೊಳ್ಳಬೇಕಾದ ಅಲ್ಪಸಂಖ್ಯಾತರ ಸಂಕಟ ಅದು. ಆದರೆ ಈ ಕಥೆಯನ್ನು ಯೇಸು ಏಕೆ ಹೇಳಿದ ಎಂಬುದನ್ನು ನೋಡಬೇಕು. ಅವನು ಸುಂಕದವರ ಜೊತೆ, ಪಾಪಿಗಳೆನ್ನಿಸಿಕೊಂಡವರ ಜೊತೆ ಕುಳಿತು ಉಣ್ಣುತ್ತಾನೆಂದು ಮರ್ಯಾದಸ್ಥರು ಗೊಣಗಿದಾಗ ಹೇಳಿದ ಕಥೆ ಇದೆಂದು ಲೂಕನು ಬರೆಯುತ್ತಾನೆ. ಕಥೆಯ ಕೊನೆಯಲ್ಲಿ ಹಿರಿಯ ಮಗ ಊಟಕ್ಕೆ ಬಾರದೆ ಅಂಗಳದಲ್ಲೇ ನಿಂತುಬಿಡುತ್ತಾನೆ. ಅಂಥವನ ಜೊತೆ ಕೂತು ಉಂಡರೆ ತನ್ನ ಸ್ಥಾನವೇನಾದೀತು ಎಂಬುದು ಅವನ ಕೋಪದ ತಿರುಳು. ಯಾರು ಯಾರ ಜೊತೆ ಉಣ್ಣಬಹುದು, ಯಾರು ಮೇಲು, ಯಾರು ಕೀಳು ಎಂಬುದೇ ಈ ಕಥೆಯ ವಿಷಯ. ಕೀಳೆನ್ನಿಸಿಕೊಳ್ಳಬಾರದೆಂದು ಈ ಕಥೆಯನ್ನೇ ತಿದ್ದಹೊರಟವರು ತಮಗೆ ತಿಳಿಯದೆ ಆ ಹಿರಿಯ ಮಗನ ಪಕ್ಕದಲ್ಲಿ ಹೋಗಿ ನಿಂತರು. ಇಂಥ ತಿದ್ದುಪಡಿ ಅನುವಾದವಾಗಲಾರದು. ಔಷಧ ಕಹಿಯೆಂದು ಔಷಧವನ್ನೇ ಚೆಲ್ಲಿ ಬಟ್ಟಲನ್ನು ಮಾತ್ರ ಕೊಟ್ಟಂತೆ.

ಆದರೆ ಗೋವನ್ನು ಪೂಜಿಸುವ ನೆರೆಯವರ ಮನಸ್ಸಿಗೆ ಆ ಮಾತು ನೋವು ಕೊಡುವುದಿಲ್ಲವೆ? ಕೊಡಬಹುದು. ಆ ನೋವು ನಿಜವಾದದ್ದು. ಇದಕ್ಕೂ ಪೌಲನಲ್ಲಿ ಉತ್ತರವಿದೆ. ತಾನು ತಿನ್ನುವ ಪದಾರ್ಥದಿಂದ ಸಹೋದರನಿಗೆ ಅಡ್ಡಿಯಾಗುವುದಾದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲವೆಂದು ಅವನು ಕೊರಿಂಥದವರಿಗೆ ಬರೆದ. ದ್ಯುಬ್ವಾ ಅವರೂ ತಮ್ಮ ಊಟ ಉಡುಗೆಗಳನ್ನು ಬದಲಿಸಿಕೊಂಡವರೇ. ಅವರಿಗೂ ಹಿಂದೆ, 17ನೆಯ ಶತಮಾನದ ನಡುವೆ, ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ಯುಯಿಟ್ ಲಿಯೊನಾರ್ಡೊ ಚಿನ್ನಾಮಿ ಸಂನ್ಯಾಸಿಯ ವೇಷದಲ್ಲಿ, ಸಂನ್ಯಾಸಿಯ ನಿಯಮದಲ್ಲಿ ಬಾಳಿದರು. ಇಲ್ಲಿ ನನಗೆ ದಾರಿ ಕಾಣುತ್ತದೆ. ನೆರೆಯವರಿಗಾಗಿ ನನ್ನ ಎಲೆಯ ಮೇಲಿನ ಊಟವನ್ನು ನಾನು ಬದಲಿಸಬಹುದು. ನನ್ನದಲ್ಲದ ಪಾಠವನ್ನು ಬದಲಿಸಲಾಗದು. ಊಟ ನನ್ನದು, ಬಿಟ್ಟುಕೊಡಲು ಹಕ್ಕಿದೆ. ಪಾಠ ನನ್ನ ಕೈಯಲ್ಲಿ ಇಟ್ಟುಹೋದದ್ದು. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತಲೆಕೆಳಗು: ಬಾಳನ್ನು ಇದ್ದಂತೆ ಇಟ್ಟುಕೊಂಡು, ಅದಕ್ಕೆ ಹೊಂದುವಂತೆ ಮಾತನ್ನು ತಿದ್ದಿಕೊಳ್ಳುತ್ತೇವೆ.

ಅರ್ಥಮಾಡಿಕೊಳ್ಳುವುದೆಂದರೆ ಏನೆಂಬುದೂ ಇದರಲ್ಲೇ ಅಡಗಿದೆ. ಶಾಸ್ತ್ರಿಯಾದ ಎಜ್ರನು ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡಲು, ಅದರಂತೆ ನಡೆಯಲು, ಆಮೇಲೆ ಕಲಿಸಲು ಮನಸ್ಸು ಮಾಡಿದನೆಂದು ಬೈಬಲಿನಲ್ಲಿದೆ. ಈ ಮೂರರ ಕ್ರಮ ಗಮನಿಸತಕ್ಕದ್ದು. ನಡುವಣ ಮೆಟ್ಟಿಲನ್ನು ಹಾರಿ ಮೊದಲನೆಯದರಿಂದ ಮೂರನೆಯದಕ್ಕೆ ಹೋಗುವುದು ಉಪದೇಶಿಗಳ ಹಳೆಯ ರೋಗ. ಬೋಧಕರಾಗಲು ಬಹಳ ಮಂದಿ ಮುಂದಾಗಬೇಡಿ, ನಮಗೆ ಹೆಚ್ಚಿನ ತೀರ್ಪು ಕಾದಿದೆ ಎಂಬ ಅರ್ಥದಲ್ಲಿ ಯಾಕೋಬನು ಎಚ್ಚರಿಸಿದ್ದು ಇದಕ್ಕೇ.

ನಮ್ಮೂರಿನ ಬೊಂಬೆ ಕೆಲಸದವರನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಚನ್ನಪಟ್ಟಣದ ಬೊಂಬೆಗೆ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಒಣಗಿಸಿದ ಆಲೆಮರದ ತುಂಡನ್ನು ಲೇತಿಗೆ ಕೊಟ್ಟು, ಉಳಿಯಿಂದ ರೂಪ ತೆಗೆದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಸುಮ್ಮನೆ ನಿಂತ ಮರಕ್ಕೆ ಅರಗು ಹಿಡಿಯದು. ಬಾಳಿನ ತಿರುಗಾಟದಲ್ಲಿ ಉಜ್ಜಿ ಬಿಸಿಯಾಗದ ಮಾತೂ ಹಾಗೆಯೇ. ನಾಲಗೆಯ ಮೇಲೆ ಬಳಿದುಕೊಂಡದ್ದು ಮೊದಲ ಮಳೆಗೇ ಇಳಿದುಹೋಗುತ್ತದೆ. ಕ್ಷಮೆಯ ಕಥೆಯನ್ನು ಕಂಠಪಾಠವಾಗಿ ಒಪ್ಪಿಸುವುದು ಒಂದು; ಪಾಲಿನ ವಿಷಯದಲ್ಲಿ ಮುನಿದು ಹತ್ತು ವರ್ಷ ಮಾತು ಬಿಟ್ಟ ತಮ್ಮನ ಮನೆಯ ಬಾಗಿಲು ತಟ್ಟುವುದು ಇನ್ನೊಂದು. ಎರಡನೆಯದನ್ನು ಮಾಡಿದವನ ಬಾಯಲ್ಲಿ ಕಥೆಯ ಬಣ್ಣವೇ ಬೇರೆ.

ಕೇಳುವವನ ಸ್ವಾತಂತ್ರ್ಯದ ಮಾತನ್ನೂ ಹೇಳದೆ ಮುಗಿಸುವಂತಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಚಾರವೆಂದರೆ ತತ್ತ್ವವನ್ನು ವಿವರಿಸಿ ಹೇಳುವ ಹಕ್ಕೇ ಹೊರತು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿತು. ಆ ತೀರ್ಪಿನ ಬಗ್ಗೆ ಕಾನೂನು ಬಲ್ಲವರಲ್ಲಿ ವಾದವಿದೆ. ಶಿಷ್ಯನಿಗೆ ಮಾತ್ರ ಅದರ ತಿರುಳು ಹೊಸದಾಗಿ ತೋರಬೇಕಾಗಿಲ್ಲ. ತಾನು ನೆಟ್ಟೆ, ಅಪೊಲ್ಲೋಸನು ನೀರೆರೆದ, ಬೆಳೆಸಿದವನು ದೇವರು ಎಂದು ಪೌಲನೇ ಹೇಳಿಕೊಂಡಿದ್ದಾನೆ. ಹೇಳುವುದು ನನ್ನ ಕೆಲಸ. ಒಪ್ಪುವುದೂ ಬಿಡುವುದೂ ಕೇಳಿದವನ ಮನಸ್ಸಿಗೆ ಬಿಟ್ಟದ್ದು. ಆ ಮನಸ್ಸನ್ನು ಆಸೆಯಿಂದಲೋ ಅಂಜಿಕೆಯಿಂದಲೋ ಕೊಂಡುಕೊಂಡರೆ ನಂಬಿಕೆ ಎಂಬ ಹೆಸರಿಗೇ ಅರ್ಥವಿಲ್ಲ.

ನಾನು ಆ ಕಥೆಯನ್ನು ಕರುವಿನೊಡನೆಯೇ ಹೇಳುತ್ತೇನೆ. ಮನೆಯಲ್ಲಿ ಹಸು ಕಟ್ಟಿರುವ ಒಬ್ಬ ಹುಡುಗಿ ಒಂದು ಸಲ ಕೇಳಿದಳು: “ಸಾರ್, ಆ ಕರು ಏನು ತಪ್ಪು ಮಾಡಿತ್ತು?”

ಕುರಿಮರಿ ಎಂದಿದ್ದರೆ ಅವಳು ಕೇಳುತ್ತಿರಲಿಲ್ಲವೆ? ಕುರಿಮರಿ ಏನು ತಪ್ಪು ಮಾಡಿತ್ತು ಎಂದು ಕೇಳುತ್ತಿದ್ದಳು. ಮಾನದ ಲೆಕ್ಕದಲ್ಲಿ ಕರುವಿಗೂ ಕುರಿಮರಿಗೂ ಅಂತರ ಬಹಳ. ಕರುಣೆಯ ಲೆಕ್ಕದಲ್ಲಿ ಅಂತರವೇ ಇಲ್ಲ. ಹಳೆಯ ಸಭೆಯವರ ಸಲಹೆ ಯಾವ ಲೆಕ್ಕದ್ದೆಂಬುದನ್ನು ಆ ಮಗು ಒಂದೇ ಮಾತಿನಲ್ಲಿ ತೋರಿಸಿಬಿಟ್ಟಿತು. “ಏನೂ ತಪ್ಪು ಮಾಡಿರಲಿಲ್ಲಮ್ಮ” ಎಂದೆ. ಒಬ್ಬನು ಮನೆಗೆ ಬಂದ ಸಂತೋಷಕ್ಕೆ ತಪ್ಪು ಮಾಡದ ಇನ್ನೊಂದು ಜೀವ ಬೆಲೆ ತೆತ್ತಿತು. ತಪ್ಪಿಲ್ಲದವನು ಪರರಿಗಾಗಿ ತೆತ್ತ ಬೆಲೆಯನ್ನೇ ನಡುವೆ ಇಟ್ಟುಕೊಂಡ ಮತ ನಮ್ಮದು. ಆ ಪ್ರಶ್ನೆಯನ್ನು ಗದರಿಸಿ ಕೂರಿಸುವ ಅಧಿಕಾರ ಅದನ್ನು ಕಲಿಸುವವನಿಗೆ ಇಲ್ಲ.

ಹೇಳಬೇಕಾದುದನ್ನು ಮರೆಮಾಚದೆ ಹೇಳಿದಾಗ ಇಂಥ ಪ್ರಶ್ನೆಗಳು ಏಳುತ್ತವೆ. ಅವುಗಳಿಗೆಲ್ಲ ಉತ್ತರ ನಮ್ಮ ಬಳಿ ಇರಬೇಕೆಂದೇನೂ ಇಲ್ಲ. ಮುಂದೆ ಎಂದಾದರೂ ಆ ಹುಡುಗಿಯೇ ಹತ್ತು ಮಕ್ಕಳ ಮುಂದೆ ಕುಳಿತು ಇದೇ ಕಥೆಯನ್ನು ಹೇಳಬಹುದು. ಆಗ ಕಥೆಯ ಜೊತೆಗೆ ತನ್ನ ಪ್ರಶ್ನೆಯನ್ನೂ ಅವಳು ದಾಟಿಸಲಿ.