ಯುವಜನರ ಕೈಗೆ ಯಾವ ಪುಸ್ತಕ?

ನಿಮ್ಮ ಮಗನೋ ಮಗಳೋ ದೃಢೀಕರಣ ಸಂಸ್ಕಾರ ಪಡೆದು, ಧರ್ಮೋಪದೇಶದ ತರಗತಿಗಳನ್ನು ಮುಗಿಸಿ ಹಲವು ವರ್ಷಗಳಾಗಿವೆ ಎಂದುಕೊಳ್ಳಿ. ಈಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ತೈದೋ ವಯಸ್ಸು. ಧರ್ಮಕೇಂದ್ರದ ಗುರುಗಳು ಯುವಜನರ ಕಿರುಬಳಗವೊಂದನ್ನು ಆರಂಭಿಸಲು ಬಯಸಿದ್ದಾರೆ. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಎಂಟು ಹತ್ತು ಮಂದಿ ಕುಳಿತು ಓದಬೇಕು, ಚರ್ಚಿಸಬೇಕು. ಯಾವ ಪುಸ್ತಕವೆಂದು ನಿರ್ಧರಿಸಲು ಹಿರಿಯರಾದ ನಿಮ್ಮನ್ನೂ ಕರೆಯುತ್ತಾರೆ. ಅಂಗಡಿಗೆ ಹೋಗಿ ಮುಗಿಸಿಬರಬಹುದಾದ ಕೆಲಸವಿದೆಂದು ತೋರಬಹುದು. ಆದರೆ ಪುಸ್ತಕವನ್ನು ಆರಿಸುವವರು ಅದರೊಡನೆ ಇನ್ನೆರಡನ್ನು ಆರಿಸಿಬಿಡುತ್ತಾರೆ: ಆ ಬಳಗದಲ್ಲಿ ಯಾರು ಬಾಯಿ ತೆರೆಯಬಹುದು, ಯಾವ ಪ್ರಶ್ನೆಯನ್ನು ಕೇಳಬಹುದು ಎಂಬುದನ್ನು. ಆದ್ದರಿಂದಲೇ ಇದು ನಮ್ಮ ಅಂತಃಸಾಕ್ಷಿಗೆ ಸಂಬಂಧಿಸಿದ ವಿಷಯ.

ಪಶ್ಚಿಮ ಬೆಂಗಳೂರಿನ ಆರ್‌ಪಿಸಿ ಲೇಔಟನ್ನೇ ನೋಡಿ. ಹಂಪಿನಗರವೆಂಬ ಹೆಸರೂ ಅದಕ್ಕುಂಟು. 2015ರ ನವೆಂಬರ್‌ನಲ್ಲಿ ಅತ್ತಿಗುಪ್ಪೆಯವರೆಗೂ ಮೆಟ್ರೊ ಬಂದ ಮೇಲೆ ಈ ಭಾಗ ನಗರಕ್ಕೆ ಇನ್ನಷ್ಟು ಹತ್ತಿರವಾಯಿತು. ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಓದುವ ಕೊಠಡಿಗಳು, ಪಿ.ಜಿ.ಗಳು. ದೂರದ ಜಿಲ್ಲೆಗಳಿಂದ ಬಂದು, ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ಪರೀಕ್ಷೆ ಬರೆಯುವ ಯುವಕ ಯುವತಿಯರು ಇಲ್ಲಿ ವರ್ಷಗಟ್ಟಲೆ ನೆಲೆಸುತ್ತಾರೆ. ಅದೇ ಬೀದಿಯಲ್ಲಿ, ಮೂರು ತಲೆಮಾರುಗಳಿಂದ ಬೆಂಗಳೂರಿನಲ್ಲೇ ಇದ್ದು ಇಂಗ್ಲಿಷ್ ಶಾಲೆಯಲ್ಲಿ ಕಲಿತು ಸಾಫ್ಟ್‌ವೇರ್ ಕಂಪನಿಗೆ ಹೋಗುವವರೂ ಇದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸಬಹುದು. ಮಂಗಳವಾರ ಸಂಜೆಯ ಬಳಗದಲ್ಲಿಯೂ ಇಬ್ಬರಿಗೂ ಸಮಾನ ಸ್ಥಾನವಿರುವುದೇ?

ಸುಲಭವಾಗಿ ಸಿಗುವುದು ಇಂಗ್ಲಿಷ್ ಕಿರುಹೊತ್ತಗೆ. ಅಮೆರಿಕದ ಯುವಜನರನ್ನು ಮನಸ್ಸಿನಲ್ಲಿಟ್ಟು ಬರೆದ ಇಂಥವು ಅಂತರ್ಜಾಲದಲ್ಲಿ ಹೇರಳವಾಗಿವೆ. ಅಚ್ಚು ಅಂದ, ಪಾಠಗಳು ಕ್ರಮಬದ್ಧ, ನಾಯಕನಿಗೆ ಬೇರೆಯೇ ಮಾರ್ಗದರ್ಶಿ. ಕೆಲವಕ್ಕೆ ಧರ್ಮಾಧ್ಯಕ್ಷರೊಬ್ಬರ ಮುದ್ರಣಾನುಮತಿಯೂ ಇರುತ್ತದೆ. ಆ ಅನುಮತಿ ಅಗತ್ಯವೇ. ವಿಶ್ವಾಸಕ್ಕೆ ವಿರುದ್ಧವಾದುದು ಒಳಗಿಲ್ಲ ಎಂಬುದಕ್ಕೆ ಅದು ಭರವಸೆ. ಆದರೆ ಪುಸ್ತಕವು ಈ ಮನೆಗೆ, ಈ ಎಂಟು ಮಂದಿಗೆ ಹೊಂದುತ್ತದೆಯೆಂದು ಅದು ಹೇಳುವುದಿಲ್ಲ. ಅದನ್ನು ನಾವೇ ನೋಡಬೇಕು. ಮನೆಯಿಂದ ದೂರದ ಕಾಲೇಜಿನ ವಸತಿಗೃಹದಲ್ಲಿ ಒಂಟಿಯಾಗಿ ಬದುಕುವ ಹುಡುಗನ ಉದಾಹರಣೆ ಅಲ್ಲಿ ಬರುತ್ತದೆ. ತನ್ನ ಸಂಬಳದಲ್ಲಿ ತಂಗಿಯ ಮದುವೆಯ ಸಾಲ ತೀರಿಸುತ್ತಿರುವ ಹುಡುಗ ಅಲ್ಲಿ ಬರುವುದಿಲ್ಲ.

ಹಾಗಾದರೆ ಕನ್ನಡ ಪುಸ್ತಕವೊಂದೇ ಇರಲಿ ಎನ್ನೋಣವೇ? ಇದೂ ಅಷ್ಟು ಸುಲಭವಲ್ಲ. ಮನೆಯಲ್ಲಿ ಕನ್ನಡ ಮಾತನಾಡಿಯೂ ಕನ್ನಡದ ಪುಟವನ್ನು ತಡವರಿಸದೆ ಓದಲಾರದ ಮಕ್ಕಳನ್ನು ನಾವೇ ಬೆಳೆಸಿದ್ದೇವೆ. ಈಗ ಅವರನ್ನು ದೂರುವುದು ನ್ಯಾಯವಲ್ಲ. ಆದರೂ ಎರಡು ತೊಡಕುಗಳು ಸಮನಲ್ಲ. ಇಂಗ್ಲಿಷ್ ಬಲ್ಲವನು ಕನ್ನಡದ ಪುಟದೆದುರು ತಡವರಿಸಿದರೆ ನಕ್ಕು ಮುಂದೆ ಹೋಗುತ್ತಾನೆ. ಕನ್ನಡ ಮಾತ್ರ ಬಲ್ಲವಳು ಇಂಗ್ಲಿಷ್ ಪುಟದೆದುರು ಮೌನವಾಗುತ್ತಾಳೆ, ಮೂರನೆಯ ವಾರ ಬರುವುದಿಲ್ಲ. ಯಾಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ. ಓದಿನ ಒತ್ತಡವೆಂದು ತಿಳಿಯುತ್ತಾರೆ. ಯಾರನ್ನೂ ಹೊರಗೆ ಕಳುಹಿಸದೆಯೇ ಪುಸ್ತಕವು ಒಬ್ಬಳನ್ನು ಹೊರಗೆ ಕಳುಹಿಸಿರುತ್ತದೆ. ಸುತ್ತ ಕುಳಿತವರಲ್ಲಿ ಅತ್ಯಂತ ಹಿಂಜರಿಯುವವರು ಯಾರೋ ಅವರನ್ನು ಮುಂದಿಟ್ಟುಕೊಂಡು ಪುಸ್ತಕ ಆರಿಸಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ದಾರಿಯಿದೆ. ಬೈಬಲ್ ಎರಡೂ ಭಾಷೆಗಳಲ್ಲಿ ಎಲ್ಲರ ಮನೆಯಲ್ಲಿದೆ. 1965ರ ನವೆಂಬರ್ 18ರಂದು ಪ್ರಕಟವಾದ ದೈವಪ್ರಕಟಣೆಯ ಕುರಿತ ದಾಖಲೆಯಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಬಯಸಿದ್ದೂ ಇದನ್ನೇ, ಪವಿತ್ರ ಗ್ರಂಥವು ಭಕ್ತಜನರೆಲ್ಲರ ಕೈಗೆ ಸಿಗಲಿ ಎಂದು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್‌ನಲ್ಲಿ ಅದೇ ಭಾಗವನ್ನು ಓದಲಿ. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಸಮಾರಿಯನ ಸಾಮತಿಯಲ್ಲಿ ಇಂಗ್ಲಿಷ್ ಓದುಗ ‘ನೇಬರ್’ ಎನ್ನುತ್ತಾನೆ, ಕನ್ನಡ ಓದುಗಳು ‘ನೆರೆಯವನು’ ಎನ್ನುತ್ತಾಳೆ. ಆ ಕನ್ನಡ ಪದ ಕೇಳಿದ ಕೂಡಲೇ ಪಕ್ಕದ ಮನೆ ಕಣ್ಣಮುಂದೆ ಬರುತ್ತದೆ, ಮಹಡಿಯ ಮೇಲಿನ ಬಾಡಿಗೆದಾರರು ಬರುತ್ತಾರೆ. ಚರ್ಚೆಗೆ ಬೇರೆ ಪ್ರಸ್ತಾವನೆ ಬೇಕಾಗದು.

‘ಯೂಕ್ಯಾಟ್’ ಎಂಬ ಯುವಜನರ ಧರ್ಮೋಪದೇಶ ಗ್ರಂಥವನ್ನು ಹಲವರು ಸೂಚಿಸುತ್ತಾರೆ. 2011ರಲ್ಲಿ ಹೊರಬಂದು ಅದೇ ವರ್ಷ ಮ್ಯಾಡ್ರಿಡ್‌ನ ವಿಶ್ವ ಯುವಜನ ದಿನದಲ್ಲಿ ಹಂಚಲಾದ ಪುಸ್ತಕವದು. ಮುನ್ನುಡಿಯಲ್ಲಿ ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು, ಗುಂಪುಗಳಾಗಿ ಕೂಡಿ ಇದನ್ನು ಅಭ್ಯಾಸ ಮಾಡಿರೆಂದು ಯುವಜನರನ್ನು ಪ್ರೇರೇಪಿಸಿದರು. ಒಳ್ಳೆಯ ಗ್ರಂಥ, ಸಂದೇಹವಿಲ್ಲ. ಆದರೆ 527 ಪ್ರಶ್ನೆಗಳು, ಪ್ರತಿಯೊಂದಕ್ಕೂ ಸಿದ್ಧ ಉತ್ತರ. ಹಗಲೆಲ್ಲ ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸುವ ಅಭ್ಯಾಸದಲ್ಲಿರುವ ಹಂಪಿನಗರದ ವಿದ್ಯಾರ್ಥಿಗೆ ಸಂಜೆಯೂ ಅದೇ ಬಗೆಯ ಪುಸ್ತಕ ಕೊಟ್ಟರೆ ಅವನು ಅದನ್ನು ಕಂಠಪಾಠ ಮಾಡಿಯಾನು, ಅಷ್ಟೆ. ಅದು ಕಪಾಟಿನಲ್ಲಿರಲಿ, ಬಳಗದಲ್ಲಿ ಪ್ರಶ್ನೆ ಹುಟ್ಟಿದಾಗ ಕೈಗೆ ಬರಲಿ. ಮೊದಲು ಪ್ರಶ್ನೆ ಹುಟ್ಟಬೇಕಲ್ಲವೇ?

ಇಲ್ಲಿ ತಂದೆತಾಯಿಯರಾದ ನಿಮ್ಮ ಮನಸ್ಸಿನ ಒಂದು ಅಳುಕನ್ನು ಹೇಳಿಬಿಡುತ್ತೇನೆ. ಮಕ್ಕಳು ವಿಶ್ವಾಸದಿಂದ ಜಾರಿಹೋಗುತ್ತಾರೇನೋ ಎಂಬ ಭಯದಿಂದ, ಅವರನ್ನು ಹಿಡಿದು ನಿಲ್ಲಿಸುವ ಪುಸ್ತಕವನ್ನು ನೀವು ಹುಡುಕುತ್ತೀರಿ. ಈ ಭಯ ಪ್ರೀತಿಯಿಂದಲೇ ಬಂದುದು, ಅದನ್ನು ಹಗುರವಾಗಿ ಕಾಣಲಾಗದು. ಅನ್ಯಧರ್ಮದವಳನ್ನು ಪ್ರೀತಿಸಿದವನು, ಕ್ರೈಸ್ತರಾದ ನಾವು ಮದುವೆಯ ಮಾತಿನಲ್ಲಿ ಜಾತಿಯನ್ನು ಯಾಕೆ ವಿಚಾರಿಸುತ್ತೇವೆಂದು ಕೇಳುವವಳು, ಪ್ರಾರ್ಥನೆಯಲ್ಲಿ ಏನೂ ಅನಿಸುವುದಿಲ್ಲವೆನ್ನುವವನು ಇವರೆಲ್ಲ ಆ ಬಳಗದಲ್ಲಿರಬಹುದು. ಇಂಥ ಪ್ರಶ್ನೆಗಳು ಏಳದಂಥ ಪುಸ್ತಕವನ್ನು ಆರಿಸಿದರೆ ಪ್ರಶ್ನೆಗಳು ಇಲ್ಲವಾಗುವುದಿಲ್ಲ. ಅವು ಬಳಗದ ಹೊರಗೆ, ಗುರುಗಳೂ ನೀವೂ ಇಲ್ಲದ ಕಡೆ, ಕೇಳಲ್ಪಡುತ್ತವೆ.

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದ ಫಿಲಿಪ್ಪನನ್ನು ನೆನೆಯಿರಿ. ಗಾಜಾದ ದಾರಿಯಲ್ಲಿ ರಥದಲ್ಲಿ ಕುಳಿತ ಇಥಿಯೋಪಿಯದ ಅಧಿಕಾರಿ ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಫಿಲಿಪ್ಪ ತನ್ನದೊಂದು ಪಾಠವನ್ನು ಹಿಡಿದು ಹೋಗಲಿಲ್ಲ. ರಥದ ಪಕ್ಕಕ್ಕೆ ಓಡಿದ, ಕಿವಿಗೊಟ್ಟ, ಅರ್ಥವಾಗುತ್ತಿದೆಯೇ ಎಂದು ವಿಚಾರಿಸಿದ. ಆತ ಓದುತ್ತಿದ್ದ ಭಾಗದಿಂದಲೇ, ಆತ ಕೇಳಿದ ಪ್ರಶ್ನೆಯಿಂದಲೇ ಆರಂಭಿಸಿದ. ಎಮ್ಮಾವಿನ ದಾರಿಯಲ್ಲಿ ಪ್ರಭು ಕ್ರಿಸ್ತರೂ ಮೊದಲು ಕೇಳಿದ್ದು, ನೀವು ಏನು ಮಾತನಾಡುತ್ತಿದ್ದೀರಿ ಎಂದು; ಗ್ರಂಥದ ವಿವರಣೆ ಆಮೇಲೆ. 2018ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಯುವಜನರ ಕುರಿತು ನಡೆದ ಸಿನೊಡ್, ತನ್ನ ಅಂತಿಮ ದಾಖಲೆಗೆ ಈ ಎಮ್ಮಾವಿನ ಪ್ರಸಂಗವನ್ನೇ ಚೌಕಟ್ಟಾಗಿ ಆರಿಸಿಕೊಂಡಿತು.

ಈ ಕ್ರಮಕ್ಕೆ ಹತ್ತಿರವಾದುದು ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆಯಲ್ಲಿ ರೂಪುಗೊಂಡ ‘ಏಳು ಹೆಜ್ಜೆ’ಗಳ ವಿಧಾನ. ಪ್ರಭುವನ್ನು ಆಹ್ವಾನಿಸಿ, ಭಾಗವನ್ನು ಓದಿ, ಮನಸ್ಸಿಗೆ ತಟ್ಟಿದ ಪದವನ್ನು ಗಟ್ಟಿಯಾಗಿ ನುಡಿದು, ಮೌನವಾಗಿದ್ದು, ಹೃದಯಕ್ಕೆ ಬಂದುದನ್ನು ಹಂಚಿಕೊಂಡು, ಮಾಡಬೇಕಾದ ಕೆಲಸವನ್ನು ಚರ್ಚಿಸಿ, ಪ್ರಾರ್ಥಿಸುವುದು. 1990ರಲ್ಲಿ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಧರ್ಮಾಧ್ಯಕ್ಷರ ಮಹಾಸಭೆ ಕಿರುಸಮುದಾಯಗಳಿಗೆ ಒತ್ತುಕೊಟ್ಟ ಬಳಿಕ ನಮ್ಮ ಭಾಗದಲ್ಲಿಯೂ ಇದು ಪರಿಚಿತವಾಗಿದೆ. ಖರ್ಚಿಲ್ಲ. ಮೂರನೆಯ ಹೆಜ್ಜೆಯಲ್ಲಿ ಒಂದೇ ಒಂದು ಪದ ಹೇಳಿದರೂ ಸಾಕಾದ್ದರಿಂದ ಅಂಜುವವಳೂ ಬಾಯಿ ತೆರೆಯುತ್ತಾಳೆ. ಕೊರತೆಯೂ ಉಂಟು: ಆ ಭಾಗವನ್ನು ಯಾರು, ಯಾವ ಕಾಲದಲ್ಲಿ, ಯಾರಿಗಾಗಿ ಬರೆದರೆಂಬುದನ್ನು ಅದು ತಿಳಿಸದು. ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನೇ ದೇವರ ವಾಕ್ಯವೆಂದುಕೊಳ್ಳುವ ಅಪಾಯವಿದೆ. ಅದಕ್ಕಾಗಿ ಬಳಗದಲ್ಲಿ ಒಬ್ಬರಾದರೂ ಮೊದಲೇ ವ್ಯಾಖ್ಯಾನ ಓದಿ ಬರಬೇಕು. ಇಂಥ ತರಬೇತಿಗೆ ದೂರ ಹೋಗಬೇಕಾಗಿಲ್ಲ. ಅಮಲೋರ್‌ಪವದಾಸ್ ಗುರುಗಳ ನಾಯಕತ್ವದಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲೇ ಇದೆ.

ದುಡಿಯುವ ಯುವಜನರೇ ಹೆಚ್ಚಿದ್ದರೆ ಬೆಲ್ಜಿಯಂನ ಕಾರ್ಡೈನ್ ಗುರುಗಳು ಕಾರ್ಮಿಕ ಯುವಕರಿಗೆ ಕಲಿಸಿದ ‘ನೋಡು, ವಿವೇಚಿಸು, ಕಾರ್ಯಪ್ರವೃತ್ತನಾಗು’ ಎಂಬ ಕ್ರಮವೂ ಒಳ್ಳೆಯದೇ. ಪೀಣ್ಯದ ಕಾರ್ಖಾನೆಯ ಪಾಳಿಯಿಂದ ಬರುವವನಿಗೆ ಅದು ಬೇಗ ಹಿಡಿಸುತ್ತದೆ.

ಆರಂಭಕ್ಕೆ ಮಾರ್ಕನ ಶುಭಸಂದೇಶ ಸಾಕು. ನಾಲ್ಕರಲ್ಲಿ ಚಿಕ್ಕದು, ಹದಿನಾರು ಅಧ್ಯಾಯ. ವಾರಕ್ಕೊಂದರಂತೆ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ. ಅಷ್ಟರಲ್ಲಿ ಎದ್ದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ, ಕೇಳಿದವರು ಕೇಳಿದ ಭಾಷೆಯಲ್ಲಿಯೇ, ಬರೆದಿಡಲು ಹೇಳಿ. ಮುಂದಿನ ಪುಸ್ತಕ ಯಾವುದೆಂದು ಆ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಅವರೇ ನಿರ್ಧರಿಸಲಿ. ನೀವು ಕಾಫಿ ಮಾಡಿಕೊಟ್ಟು ಒಳಕೋಣೆಯಲ್ಲಿರಿ.