ಬಿರುಕು ಬಿಟ್ಟ ಗೋಡೆಗೆ ಹೊಣೆ ಯಾರು

ಮನೆ ಕಟ್ಟುವಾಗ ಬರುವ ಕಷ್ಟಕ್ಕೆ ಹೊಣೆ ಯಾರು ಎಂಬುದು ಧರ್ಮಕ್ಕೂ ತತ್ವಶಾಸ್ತ್ರಕ್ಕೂ ಸೇರಿದ ಪ್ರಶ್ನೆ. ದುಃಖ ಎಲ್ಲಿಂದ ಬರುತ್ತದೆ ಎಂಬ ಹಳೆಯ ಜಿಜ್ಞಾಸೆಯೇ ಇಲ್ಲಿ ಇಟ್ಟಂಗಿ, ಉಸುಕು, ಸಾಲದ ಕಂತುಗಳ ವೇಷದಲ್ಲಿ ಬಂದು ನಿಲ್ಲುತ್ತದೆ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಸಿರಸಂಗಿಯಲ್ಲಿ ಇದಕ್ಕೆ ಎರಡು ಪರಂಪರೆಗಳ ಉತ್ತರ ಒಂದೇ ಊರೊಳಗೆ ಸಿಗುತ್ತದೆ. ಕಟ್ಟುವ ಕಸುಬಿನವರಾದ ವಿಶ್ವಕರ್ಮರು ಕುಲದೇವತೆಯೆಂದು ನಡೆದುಕೊಳ್ಳುವ ಕಾಳಿಕಾದೇವಿಯ ಗುಡಿ ಇಲ್ಲಿದೆ. ಲಿಂಗಾಯತ ದೇಸಾಯರ ವಾಡೆಯೂ ಇಲ್ಲಿದೆ. ಮೊದಲ ಪರಂಪರೆ ಮನೆಗೆ ಅಳತೆ, ದಿಕ್ಕು, ಹೊತ್ತು ಉಂಟೆನ್ನುತ್ತದೆ. ಎರಡನೆಯದರ ಮೂಲಪುರುಷರು ಹೊತ್ತು, ಶಕುನಗಳ ಲೆಕ್ಕವನ್ನೇ ಹರಿದುಹಾಕಿದವರು. ಊರಿನ ಬಹುತೇಕ ಮನೆಗಳು ಈ ಎರಡರ ನಡುವೆ ಎದ್ದಿವೆ.

ಈ ಭಾಗದ ಹಳೆಯ ಮನೆಯೆಂದರೆ ಕಲ್ಲುಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತೆ, ಮೇಲೆ ಮಣ್ಣಿನ ಮಾಳಿಗೆ. ತಲಬಾಗಿಲು ದಾಟಿದರೆ ದನಗಳ ಜಾಗ ಮತ್ತು ಗ್ವಾದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ದೇವರ ಜಗಲಿ ಮತ್ತು ಅಡುಗೆಮನೆ. ಇದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಲು ಹೊರಟ ಕುಟುಂಬ ಮೊದಲು ಕಳೆದುಕೊಳ್ಳುವುದು ಇರುವ ಸೂರನ್ನು. ಎತ್ತು ಎಮ್ಮೆ ಅಣ್ಣತಮ್ಮಂದಿರ ಹಿತ್ತಲಿಗೆ ಹೋಗುತ್ತವೆ. ಕಾಳಿನ ಚೀಲ ಬೀಗರ ಮನೆಗೆ. ಮನೆಯವರು ಬಾಡಿಗೆಯ ಎರಡು ಕೋಣೆಗೆ, ಇಲ್ಲವೇ ಅದೇ ಜಾಗದ ಮೂಲೆಯ ತಗಡಿನ ಶೆಡ್ಡಿಗೆ. ಗೌಂಡಿಗಳಿಗೂ ಕೂಲಿಯವರಿಗೂ ಹೊತ್ತುಹೊತ್ತಿಗೆ ಚಹಾ ಹೋಗಬೇಕು. ಕಟ್ಟಿದ ಗೋಡೆಗೆ ಮುಂಜಾನೆ ಸಂಜೆ ನೀರು ಹೊಡೆಯುವ ಕೆಲಸ ಸಾಮಾನ್ಯವಾಗಿ ಹೆಂಗಸರ ಪಾಲು. ಸಿಮೆಂಟು ಗಟ್ಟಿಯಾಗಲು ಕನಿಷ್ಠ 7 ದಿನ ಹಸಿ ಇರಬೇಕು, ಅದರ ಪೂರ್ಣ ಬಲವನ್ನು ಅಳೆಯುವುದು 28ನೇ ದಿನಕ್ಕೆ. ನೀರು ಹೊಡೆಯುವವರ ಕೈಯಲ್ಲೇ ಗೋಡೆಯ ಆಯುಷ್ಯ ಇರುತ್ತದೆ, ಆದರೆ ಮನೆಯ ನಕ್ಷೆಯ ಮಾತುಕತೆಗೆ ಅವರನ್ನು ಕರೆದಿರುವುದು ಅಪರೂಪ.

ದುಡ್ಡಿನ ಗತಿ ಬೇರೆ. ಹತ್ತಿ ಮಾರಿದ ಹಣ, ಕಬ್ಬಿನ ಬಿಲ್ಲು, ಸೊಸೈಟಿಯ ಸಾಲ ಯಾವುದೂ ಕೆಲಸ ಬೇಡಿದ ದಿನಕ್ಕೆ ಕೈಗೆ ಬರುವುದಿಲ್ಲ. ಸರ್ಕಾರಿ ವಸತಿ ಯೋಜನೆಯ ನೆರವು ಕೂಡ ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಬರುತ್ತದೆ. ಒಂದು ಹಂತದ ಫೋಟೊ ಏರಿಸದೆ ಮುಂದಿನ ಕಂತು ಇಳಿಯುವುದಿಲ್ಲ. ಈ ನಡುವೆ ತಂದೆಗೆ ಹಳೆಯ ಕಂಬಗಳನ್ನು ಉಳಿಸಿಕೊಳ್ಳುವ ಆಸೆ, ಊರ ಹೊರಗೆ ದುಡಿಯುವ ಮಗನಿಗೆ ಟೈಲ್ಸಿನ ಆಸೆ. ತಾಯಿಗೆ ದೇವರ ಮನೆಯ ಚಿಂತೆ. ಹತ್ತನೇ ತರಗತಿಯ ಹುಡುಗಿಗೆ ಓದಲು ಒಂದು ಮೂಲೆ ಬೇಕು, ಆ ಮೂಲೆ ಇನ್ನೂ ಕಡಿಯ ರಾಶಿಯ ಕೆಳಗಿದೆ.

ಇಂಥ ಹೊತ್ತಿನಲ್ಲಿ ಗೋಡೆಯಲ್ಲೊಂದು ಬಿರುಕು ಕಾಣಿಸಿಕೊಳ್ಳುತ್ತದೆ, ಅಥವಾ ಎತ್ತು ಸಾಯುತ್ತದೆ, ಅಥವಾ ಹಿರಿಯರೊಬ್ಬರು ಹಾಸಿಗೆ ಹಿಡಿಯುತ್ತಾರೆ. ಬೇರೆ ಬೇರೆ ಕಾರಣಗಳ ಸಂಗತಿಗಳು ಒಂದೇ ಸಾಲಿಗೆ ಬಂದು, ಕೆಲಸಕ್ಕೆ ಕೈಹಾಕಿದಾಗಿನಿಂದ ಹೀಗೇ ಎಂಬ ಮಾತು ಹುಟ್ಟುತ್ತದೆ. ಆ ಮಾತಿಗೆ ಒಂದು ವಿಳಾಸ ಬೇಕು. ಕೆಲವೊಮ್ಮೆ ಅದು ಹೊಸದಾಗಿ ಮನೆ ಸೇರಿದ ಸೊಸೆಯ ಕಾಲ್ಗುಣ. ಕೆಲವೊಮ್ಮೆ ಈಶಾನ್ಯಕ್ಕೆ ಬಂದ ಬಚ್ಚಲು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಈ ವಿಷಯದಲ್ಲಿ ಜನರಿಗಿಂತ ಜಾಣತನದ್ದು: ಅದು ಕಷ್ಟ ಉಂಟೆಂದು ಮಾತ್ರ ಹೇಳುತ್ತದೆ, ಯಾರ ತಲೆಗೂ ಕಟ್ಟುವುದಿಲ್ಲ.

ವಾಸ್ತುಶಾಸ್ತ್ರದ ಉತ್ತರ ವ್ಯವಸ್ಥಿತವಾದದ್ದು. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ನಿವೇಶನವನ್ನು 81 ಅಥವಾ 64 ಪದಗಳಾಗಿ ವಿಂಗಡಿಸುವ ಕ್ರಮವಿದೆ. ಆ ಚೌಕದಲ್ಲಿ ವಾಸ್ತುಪುರುಷ ಈಶಾನ್ಯಕ್ಕೆ ತಲೆಯಿಟ್ಟು ಮಲಗಿದ್ದಾನೆ, 45 ದೇವತೆಗಳು ಅವನನ್ನು ಹಿಡಿದಿದ್ದಾರೆ. ಅವನ ಮರ್ಮಸ್ಥಾನದ ಮೇಲೆ ಕಂಬ ಬೀಳಬಾರದು. ಊರ ಬಳಕೆಯಲ್ಲಿ ಇದಕ್ಕಿಂತ ಹೆಚ್ಚು ನಡೆಯುವುದು ಆಯದ ಲೆಕ್ಕ. ಉದ್ದ ಅಗಲಗಳನ್ನು ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸಿ, ಶೇಷ ನೋಡುತ್ತಾರೆ. 1 ಧ್ವಜ, 2 ಧೂಮ, 3 ಸಿಂಹ, 4 ಶ್ವಾನ, 5 ವೃಷಭ, 6 ಖರ, 7 ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಸಂಖ್ಯೆಯವು ಒಳ್ಳೆಯವು, ಸರಿ ಸಂಖ್ಯೆಯವು ಕೆಟ್ಟವು.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕರ್ನಾಟಕದಲ್ಲಿ ಎಲ್ಲೆಲ್ಲೂ ಮಾರುವ 30×40 ಅಡಿಯ ನಿವೇಶನವನ್ನು ಪೂರ್ತಿ ತುಂಬಿ ಕಟ್ಟಿದರೆ 1200 ಬರುತ್ತದೆ, ಶೇಷ ಸೊನ್ನೆ, ಕಾಕಾಯ. ಒಂದೊಂದು ಅಡಿ ಬಿಟ್ಟು 29×39 ಕಟ್ಟಿದರೆ 1131, ಶೇಷ 3, ಸಿಂಹಾಯ. ಗೋಡೆಯ ಸುತ್ತ ಒಂದಿಷ್ಟು ಜಾಗ ಬಿಡಿಸುವ ಉಪಾಯವಾಗಿ ಇದು ಕೆಟ್ಟದ್ದೇನಲ್ಲ. ಆದರೆ 27×39 ಅಡಿಯ ಮನೆಯನ್ನು ತೆಗೆದುಕೊಂಡರೆ 1053 ಬಂದು ಶೇಷ 5 ಉಳಿಯುತ್ತದೆ, ವೃಷಭಾಯ, ಉತ್ತಮ. ಅದೇ ಮನೆಯನ್ನು ಹಿರಿಯರ ಮೊಳದಲ್ಲಿ, ಅಂದರೆ ಒಂದೂವರೆ ಅಡಿಗೆ ಒಂದರಂತೆ ಅಳೆದರೆ 18×26, ಗುಣಿಸಿದರೆ 468, ಶೇಷ 4, ಶ್ವಾನಾಯ. ಗೋಡೆ ಒಂದು ಕೂದಲೆಳೆ ಸರಿದಿಲ್ಲ, ಎತ್ತು ನಾಯಿಯಾಯಿತು. ಅಡಿ ಎಂಬ ಅಳತೆ ಇಂಗ್ಲಿಷರ ಕಾಲದಲ್ಲಿ ನೆಲೆಯೂರಿದ್ದು, ಗ್ರಂಥಗಳ ಅಳತೆ ಹಸ್ತ ಮತ್ತು ಅಂಗುಲ. ಕುಟುಂಬದ ಏಳಿಗೆ ಅಳತೆಪಟ್ಟಿಯ ಆಯ್ಕೆಯ ಮೇಲೆ ನಿಂತಿದೆ ಎಂದು ಒಪ್ಪುವುದು ಆಯವನ್ನು ನಂಬುವವರಿಗೂ ಕಷ್ಟ.

ಕಾಳಿಕಾದೇವಿಯ ಒಕ್ಕಲಾದ ವಿಶ್ವಕರ್ಮರು ಈ ಶಾಸ್ತ್ರದ ವಾರಸುದಾರರು. ಮನು, ಮಯ, ತ್ವಷ್ಟೃ, ಶಿಲ್ಪಿ, ವಿಶ್ವಜ್ಞ ಎಂಬ ಐವರಿಂದ ಕಮ್ಮಾರಿಕೆ, ಬಡಗಿತನ, ಕಂಚುಗಾರಿಕೆ, ಕಲ್ಲುಕೆಲಸ, ಅಕ್ಕಸಾಲಿಕೆ ಬಂದವೆಂಬುದು ಅವರ ನಂಬಿಕೆ. ಯುಗಾದಿಯ ಹೊತ್ತಿಗೆ ಸಿರಸಂಗಿಯಲ್ಲಿ ಜಾತ್ರೆ ಸೇರುತ್ತದೆ, ದೂರದೂರದ ಬಡಿಗೇರ, ಕಂಬಾರ, ಪತ್ತಾರ ಮನೆತನಗಳು ಬರುತ್ತವೆ. ಕಸುಬಿನೊಳಗಿನಿಂದ ನೋಡಿದರೆ ಶಾಸ್ತ್ರದ ಮುಖವೇ ಬೇರೆ. ಬಾಗಿಲ ಚೌಕಟ್ಟು ಮೂಲೆಮಟ್ಟಕ್ಕೆ ನಿಲ್ಲದಿದ್ದರೆ ಬಡಿಗೇರನು ಗ್ರಹಗಳನ್ನು ಕೇಳುವುದಿಲ್ಲ. ಬಿಚ್ಚಿ ಮತ್ತೆ ಕೂಡಿಸುತ್ತಾನೆ. ಮಹಾನವಮಿಗೆ ಉಳಿ, ಬಾಚಿ, ಸುತ್ತಿಗೆಗೆ ಪೂಜೆ ಸಲ್ಲುತ್ತದೆ. ತಲಬಾಗಿಲು ನಿಲ್ಲಿಸಿದ ದಿನ ಮನೆಯವರು ಅವನಿಗೆ ಆಯೇರಿ ಮಾಡುತ್ತಾರೆ. ಇಲ್ಲಿ ದೈವ ಇರುವುದು ಕೆಲಸದೊಳಗೆ, ಕೆಲಸದ ತಪ್ಪನ್ನು ಮುಚ್ಚುವ ಜಾಗದಲ್ಲಿ ಅಲ್ಲ. ಕಟ್ಟಿದ ಮನೆಗೆ ಬಂದು ದೋಷ ಹೇಳಿಹೋಗುವ ಇಂದಿನ ವಾಸ್ತುತಜ್ಞನಿಗೂ ಆ ಮನೆಯ ಕಂಬ ಎತ್ತಿದವನಿಗೂ ಇರುವ ಅಂತರ ಇದು.

ವಚನಕಾರರ ಉತ್ತರ ಚಿಕ್ಕದು, ಕಠಿಣವಾದದ್ದು. 12ನೇ ಶತಮಾನದ ಬಸವಣ್ಣನವರಿಗೆ ಬಳಗ ಒಪ್ಪಿ ಕೂಡಿದ ಹೊತ್ತೇ ಶುಭಲಗ್ನ. ರಾಶಿಕೂಟ, ತಾರಾಬಲದ ಹಂಗು ಅವರಿಗಿಲ್ಲ. ದೇಹವನ್ನೇ ದೇಗುಲವೆಂದು ಕಂಡ ಅವರ ದೃಷ್ಟಿಯಲ್ಲಿ ಕಟ್ಟಿ ನಿಲ್ಲಿಸಿದ್ದೆಲ್ಲ ಅಳಿಯುವ ಸ್ಥಾವರ. ಇದನ್ನು ಒಪ್ಪಿದ ಮನೆತನಗಳಲ್ಲೂ ಪಾಯಾ ತೋಡುವ ಮುನ್ನ ಪಂಚಾಂಗ ತೆರೆಯುತ್ತದೆ, ಆಷಾಢದಲ್ಲಿ ಗುದ್ದಲಿ ಪೂಜೆ ಆಗುವುದಿಲ್ಲ. ಇದನ್ನು ಬರಿಯ ಆಷಾಢಭೂತಿತನವೆಂದು ಕರೆಯುವುದು ಸುಲಭ, ಆದರೆ ಸರಿಯಲ್ಲ. ನಾಲ್ಕು ಜನ ನಾಲ್ಕು ದಿನ ಹೇಳುವ ಮನೆಯಲ್ಲಿ ಸ್ವಾಮಿಗಳು ಹೇಳಿದ ದಿನಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಜಗಳವನ್ನು ಮುಗಿಸುವ ಒಪ್ಪಂದವಾಗಿ ಮುಹೂರ್ತಕ್ಕೆ ಬೆಲೆಯಿದೆ, ಮತ್ತು ಆ ಅರ್ಥದಲ್ಲಿ ಅದು ಬಸವಣ್ಣನವರ ಮಾತಿನಿಂದ ಬಹಳ ದೂರ ಹೋಗಿಲ್ಲ.

ಭಗವದ್ಗೀತೆಯ 18ನೇ ಅಧ್ಯಾಯ ಯಾವುದೇ ಕಾರ್ಯಕ್ಕೆ ಐದು ಕಾರಣ ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ತಾನೊಬ್ಬನೇ ಮಾಡುವವನೆಂದು ತಿಳಿದವನಿಗೆ ಬುದ್ಧಿ ಬಲಿತಿಲ್ಲವೆಂದೂ ಅಲ್ಲೇ ಹೇಳಿದೆ. ವ್ಯಾಖ್ಯಾನಕಾರರು ಅಧಿಷ್ಠಾನಕ್ಕೆ ಶರೀರವೆಂದು ಅರ್ಥ ಹೇಳುತ್ತಾರೆ. ಆದರೆ ಮನೆಯ ಕೆಲಸಕ್ಕೆ ಆ ಪದವನ್ನು ನೆಲವೆಂದೇ ಹಿಡಿಯಬಹುದು. ಸವದತ್ತಿ ಸೀಮೆಯಲ್ಲಿ ಬಹಳ ಕಡೆ ಎರೆಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯಾ ಅದರೊಳಗೇ ನಿಂತರೆ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಕೆಳಗೆ ಗಟ್ಟಿ ಗರಸು ಸಿಗುವ ತನಕ ತೋಡಿ, ಅಲ್ಲಿಂದ ಕಟ್ಟಿಕೊಂಡು ಬರಬೇಕು. ಕೂಲಿ ಉಳಿಸಲು ಎರಡಡಿಗೇ ನಿಲ್ಲಿಸಿದ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಅಂಥ ಬಿರುಕಿಗೆ ನೆಲ ಒಂದು ಕಾರಣ, ತೋಡದ ಕೈ ಒಂದು, ಉಳಿಸಲು ಹೇಳಿದ ಯಜಮಾನ ಒಂದು, ಆ ವರ್ಷದ ಮಳೆ ಒಂದು. ಗೀತೆಯ ಪಟ್ಟಿಯ ವಿಶೇಷವೆಂದರೆ ಅದು ದೈವವನ್ನು ಅಲ್ಲಗಳೆಯುವುದಿಲ್ಲ, ಹಾಗೆಯೇ ಉಳಿದ ನಾಲ್ಕರ ಭಾರವನ್ನು ದೈವದ ಮೇಲೆ ಹೊರಿಸಲೂ ಬಿಡುವುದಿಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಊರುಗಳಿಗೆ ನುಗ್ಗಿದಾಗ ಪೂರ್ವಬಾಗಿಲಿನ ಮನೆಯೂ ಬಿತ್ತು, ದಕ್ಷಿಣಬಾಗಿಲಿನದೂ ಬಿತ್ತು. ನಿಂತವು ಎತ್ತರದಲ್ಲಿದ್ದವು, ಗಟ್ಟಿಯಾಗಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ನೆರವಿಗೂ ಮನೆ ಯಾವ ದಿಕ್ಕಿಗಿತ್ತೆಂಬ ಪ್ರಶ್ನೆ ಇರಲಿಲ್ಲ. ಜಗತ್ತಿನ ಬೇರೆ ಕಡೆಯೂ ಈ ವಾದ ನಡೆದಿದೆ. 1755ರ ನವೆಂಬರ್ 1ರಂದು ಲಿಸ್ಬನ್ ನಗರ ಭೂಕಂಪಕ್ಕೆ ಕುಸಿದಾಗ ದೇವರ ನ್ಯಾಯವನ್ನು ವಾಲ್ಟೇರ್ ಪ್ರಶ್ನಿಸಿದ. ರೂಸೋ ಮರುವರ್ಷ ಅವನಿಗೆ ಬರೆದ ಪತ್ರದಲ್ಲಿ, ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ, ಮನುಷ್ಯರು ಎಂದು ನೆನಪಿಸಿದ. 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದಾಗ, ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಟಾಗೋರರು ಆ ತರ್ಕವನ್ನು ಬಹಿರಂಗವಾಗಿ ಖಂಡಿಸಿದರು. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಬಿದ್ದ ಗೋಡೆಯಿಂದ ಪಾಪವನ್ನು ಓದುವ ಕ್ರಮ ಅಪಾಯದ್ದು, ಏಕೆಂದರೆ ಓದುವವನಿಗೆ ಬೇಕಾದ ಪಾಪವೇ ಅಲ್ಲಿ ಸಿಗುತ್ತದೆ.

ಇದೇ ಅಪಾಯ ಕುಟುಂಬದೊಳಗೆ ಇನ್ನೂ ಹತ್ತಿರದ್ದು. ವಾಸ್ತುದೋಷದ ಮಾತಿಗೆ ಒಂದು ಸಣ್ಣ ಗುಣವಿದೆ: ಅದು ತಪ್ಪನ್ನು ಗೋಡೆಯ ಮೇಲೆ ಹಾಕುತ್ತದೆ. ಬಾಗಿಲು ಕಿತ್ತು ಬೇರೆ ಕಡೆ ಇಟ್ಟರೆ ದುಡ್ಡು ಹೋದೀತು, ಯಾರ ಮಾನವೂ ಹೋಗುವುದಿಲ್ಲ. ಕಾಲ್ಗುಣದ ಮಾತು ಹಾಗಲ್ಲ. ಅದು ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಹಕ್ಕಿರುವವಳ ಮೇಲೆ ಬೀಳುತ್ತದೆ, ಮತ್ತು ಅದಕ್ಕೆ ಶಾಂತಿ ಪೂಜೆಯೂ ಇಲ್ಲ. ಗಂಡಸರ ಲೆಕ್ಕ ತಪ್ಪಿ ಅರ್ಧಕ್ಕೆ ನಿಂತ ಸ್ಲ್ಯಾಬಿನ ಕೆಳಗೆ ಒಂದು ವರ್ಷ ಹೊಗೆಯಲ್ಲಿ ಅಡುಗೆ ಮಾಡಿದವಳೇ ಆ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ. ಪೂರ್ವಜನ್ಮದ ಕರ್ಮವೆಂಬ ವಿವರಣೆ ತನ್ನ ಕಷ್ಟವನ್ನು ತಾಳಿಕೊಳ್ಳಲು ಒಬ್ಬರಿಗೆ ನೆರವಾಗಬಹುದು. ಇನ್ನೊಬ್ಬರ ಕಡೆಗೆ ತಿರುಗಿಸಿದ ಕೂಡಲೇ ಅದು ಬೈಗುಳವಾಗುತ್ತದೆ.

ಮನೆ ಯಾರಿಗಾಗಿ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಮಕ್ಕಳಿಗಾಗಿ ಎಂಬುದು ಎಲ್ಲರ ಉತ್ತರ. ದೋಷದ ಭಯವೆಲ್ಲ ಹುಟ್ಟುವುದು ಆ ಉತ್ತರದಿಂದಲೇ: ಈ ಸೂರು ಈ ವಂಶಕ್ಕೆ ಕೂಡಿಬಂದೀತೋ ಇಲ್ಲವೋ ಎಂಬುದೇ ಚಿಂತೆ. ಸಿರಸಂಗಿ ವಾಡೆಯ ಲಿಂಗರಾಜ ದೇಸಾಯರು (1861–1906) ಈ ಊರಿಗೆ ದತ್ತಕವಾಗಿ ಬಂದವರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. ತಮ್ಮ ಸಂಸ್ಥಾನದ ಆಸ್ತಿಯನ್ನು ಅವರು ವಂಶಕ್ಕೆ ಬಿಡದೆ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು. ಎಲ್ಲ ಗೃಹಸ್ಥರಿಂದಲೂ ಇಂಥ ತ್ಯಾಗ ಆಗುವ ಮಾತಲ್ಲ, ಆಗಬೇಕಾಗಿಯೂ ಇಲ್ಲ. ಮನೆಯ ಒಳಿತು ಕೆಡುಕನ್ನು ವಂಶದ ಏಳಿಗೆಯೊಂದರಿಂದಲೇ ಅಳೆಯಬೇಕಿಲ್ಲ ಎಂಬುದಕ್ಕೆ ಮಾತ್ರ ಈ ಊರಲ್ಲೇ ಸಾಕ್ಷಿ ಇದೆ.

ಬಿರುಕು ಕಂಡ ಮನೆಯವರು ಮೊದಲು ವಿಚಾರಿಸಬೇಕಾದದ್ದು ಪಾಯಾ ಗರಸು ಮುಟ್ಟಿತ್ತೇ, ಗೋಡೆಗೆ ಏಳು ದಿನ ನೀರು ಬಿದ್ದಿತ್ತೇ, ಸಿಮೆಂಟಿಗೆ ಉಸುಕು ಎಷ್ಟು ಬೆರೆತಿತ್ತು ಎಂಬುದನ್ನು. ಮುಹೂರ್ತ ಬೇಕಾದವರು ಇಟ್ಟುಕೊಳ್ಳಲಿ, ಆಯಕ್ಕಾಗಿ ಒಂದಡಿ ಬಿಡುವವರು ಬಿಡಲಿ, ಅದರಿಂದ ಯಾರಿಗೂ ನೋವಿಲ್ಲ. ಕಾಲ್ಗುಣವನ್ನು ಮಾತ್ರ ಬಿಡಬೇಕು. ಅದಕ್ಕೆ ಗೀತೆಯ ಐದು ಕಾರಣಗಳಲ್ಲಿ ಸ್ಥಾನವಿಲ್ಲ, ವಚನಧರ್ಮದಲ್ಲಿ ಇಲ್ಲ, ಬಡಿಗೇರನ ಮೂಲೆಮಟ್ಟದಲ್ಲಂತೂ ಇಲ್ಲ.