ಎಲ್ಲ ಬೆಳಕೂ ದಾರಿದೀಪವಲ್ಲ



ಕತ್ತಲಲ್ಲಿ ದಾರಿ ತಪ್ಪಿದವನಿಗೆ ದೂರದಲ್ಲೊಂದು ಬೆಳಕು ಕಂಡರೆ ಏನೆನಿಸುತ್ತದೆ? ಅಲ್ಲೊಂದು ಮನೆಯಿರಬೇಕು, ಆಸರೆ ಸಿಗಬಹುದು ಎಂದು ಅವನು ಅತ್ತ ಧಾವಿಸುತ್ತಾನೆ. ಆದರೆ ಆ ಬೆಳಕೇ ಅವನನ್ನು ನುಂಗಲು ಕಾದಿದ್ದರೆ?

ಸಮುದ್ರದಲ್ಲಿ ಒಂದು ಸಾವಿರ ಮೀಟರಿಗಿಂತ ಕೆಳಗೆ ಸೂರ್ಯನ ಬೆಳಕು ತಲುಪುವುದಿಲ್ಲ. ಸತ್ಯನಿಷೇಧಿಗಳ ಕರ್ಮಗಳನ್ನು ವಿವರಿಸಲು ಪವಿತ್ರ ಕುರ್‌ಆನ್ ಅನ್ನೂರ್ ಅಧ್ಯಾಯದಲ್ಲಿ ಉಪಮೆಯಾಗಿ ಆರಿಸಿಕೊಂಡಿರುವುದು ಆಳಗಡಲಿನ ಇಂತಹ ಕತ್ತಲನ್ನೇ. ಅಂತಹ ಕತ್ತಲಲ್ಲಿ ಆಂಗ್ಲರ್ ಎಂಬ ಮೀನು ವಾಸಿಸುತ್ತದೆ. ಗಾಳ ಹಾಕುವ ಮೀನು ಎಂದು ಆ ಹೆಸರಿನ ಅರ್ಥ. ಹೆಣ್ಣು ಮೀನಿನ ಬೆನ್ನುರೆಕ್ಕೆಯ ಮೊದಲ ಮುಳ್ಳು ತಲೆಯ ಮೇಲೆ ಗಾಳದ ಕೋಲಿನಂತೆ ಚಾಚಿಕೊಂಡಿರುತ್ತದೆ. ಅದರ ತುದಿಯ ಪುಟ್ಟ ಗುಳ್ಳೆಯಲ್ಲಿ ಬೆಳಕು ಸೂಸುವ ಬ್ಯಾಕ್ಟೀರಿಯಾಗಳು ನೆಲೆಸಿವೆ. ಮೀನು ಅವುಗಳಿಗೆ ಆಶ್ರಯ, ಆಹಾರ ಕೊಡುತ್ತದೆ. ಅವು ಮೀನಿಗೆ ಬೆಳಕು ಕೊಡುತ್ತವೆ. ಬೆಳಕಿಗೆ ಮರುಳಾಗಿ ಹತ್ತಿರ ಬಂದ ಜೀವಿ ಕ್ಷಣಾರ್ಧದಲ್ಲಿ ಬಾಯೊಳಗಾಗುತ್ತದೆ. ಹಲ್ಲುಗಳು ಒಳಮುಖವಾಗಿ ಬಾಗಿರುವುದರಿಂದ ಒಳಹೋಗುವುದು ಸುಲಭ, ಹೊರಬರುವುದು ಅಸಾಧ್ಯ.

2025ರ ಜನವರಿಯಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದ ಬಳಿ ಇಂತಹ ಒಂದು ಮೀನು ಹಾಡಹಗಲಲ್ಲೇ ನೀರಿನ ಮೇಲ್ಭಾಗಕ್ಕೆ ಬಂದಿತ್ತು. ಅದರ ಚಿತ್ರವನ್ನು ಜಗತ್ತೇ ನೋಡಿತು. ರಾಕ್ಷಸನಂತಹ ಆ ಮೀನು ಒಂದು ಗೇಣಿನಷ್ಟೂ ಇರಲಿಲ್ಲ! ಕಗ್ಗತ್ತಲಲ್ಲಿ ಸೆಳೆಯುವ ಆ ದೀಪಕ್ಕೆ ಸೂರ್ಯನ ಬೆಳಕಿನಲ್ಲಿ ಏನು ಬೆಲೆ?

ಮೀನನ್ನು ದೂಷಿಸಬೇಡಿ. ಅದರ ಅನ್ನಾಧಾರವನ್ನು ಅಲ್ಲಾಹನು ಹಾಗೆಯೇ ಇರಿಸಿದ್ದಾನೆ. ಅದಕ್ಕೆ ಬಲಿಯಾದ ಜೀವಿಗೂ ವಿಚಾರಣೆಯಿಲ್ಲ. ಅದಕ್ಕೆ ಗ್ರಂಥ ಬಂದಿರಲಿಲ್ಲ. ಆದರೆ ನಮಗೆ ಬುದ್ಧಿಯೂ ಇದೆ, ಗ್ರಂಥವೂ ಇದೆ.

ಆದರೂ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಮಗಳ ಮದುವೆ ನಿಶ್ಚಯವಾಗಿದೆ. ವರನ ಕಡೆಯವರಿಗೆ ಚಿನ್ನ ಬೇಕು, ನೆಂಟರಿಷ್ಟರಿಗೆ ಭರ್ಜರಿ ಊಟ ಬೇಕು. ತಂದೆಯ ಕೈಯಲ್ಲಿ ಹಣವಿಲ್ಲ. ಆಗ ಮೊಬೈಲಿನಲ್ಲೊಂದು ಬೆಳಕು ಮಿನುಗುತ್ತದೆ: ತಕ್ಷಣ ಸಾಲ, ಸುಲಭ ಕಂತು! ಸಾಲ ಸಿಗಲು ಕೆಲವು ನಿಮಿಷ ಸಾಕು. ಆದರೆ ಬಡ್ಡಿಯ ಹಲ್ಲುಗಳೂ ಒಳಮುಖವಾಗಿಯೇ ಬಾಗಿವೆ. ಮದುವೆಯ ಚಪ್ಪರ ಬಿಚ್ಚಿ ವರ್ಷಗಳು ಕಳೆದರೂ ಕಂತು ಮುಗಿಯುವುದಿಲ್ಲ. ಆ ಮನೆಯ ನೆಮ್ಮದಿ ಮುಗಿಯುತ್ತದೆ.

ಇಲ್ಲಿ ತಂದೆಯೊಬ್ಬನೇ ತಪ್ಪಿತಸ್ಥನೇ? ಮಹ್ರ್ ಕೊಡಬೇಕಾದವನು ವರದಕ್ಷಿಣೆಗೆ ಕೈಯೊಡ್ಡಿದ. ಊಟ ಸಾಲದೆಂದು ನಾವು ಆಡಿಕೊಂಡೆವು. ಬಡ್ಡಿರಹಿತ ಸಾಲ ಕೊಡಬಲ್ಲ ಶ್ರೀಮಂತರು ಜಮಾಅತ್‌ನಲ್ಲಿದ್ದರೂ ಅವನ ಬಾಗಿಲು ತಟ್ಟಲಿಲ್ಲ. ಅವನ ಸುತ್ತ ಕತ್ತಲನ್ನು ದಟ್ಟವಾಗಿಸಿದವರು ನಾವೇ ಅಲ್ಲವೇ? ನಾಳೆ ಅಲ್ಲಾಹನ ಮುಂದೆ ನಮಗೂ ಪ್ರಶ್ನೆಯಿದೆ.

ಆದ್ದರಿಂದ ಕಣ್ಣು ಕೋರೈಸುವ ಯಾವುದೇ ವಸ್ತು ಎದುರಾದಾಗ ಒಂದು ಕ್ಷಣ ನಿಂತು ಆಲೋಚಿಸಿರಿ. ಇದು ನನಗೆ ದಾರಿ ತೋರಿಸುತ್ತಿದೆಯೇ, ಅಥವಾ ತನ್ನೆಡೆಗೆ ಸೆಳೆಯುತ್ತಿದೆಯೇ? ದಾರಿದೀಪವು ನಡೆಯುವವನ ಕಾಲಬುಡವನ್ನು ಬೆಳಗಿಸುತ್ತದೆ. ಗಾಳದ ದೀಪವು ತನ್ನನ್ನು ಮಾತ್ರ ತೋರಿಸುತ್ತದೆ, ಹಿಂದಿರುವ ಬಾಯಿಯನ್ನು ಮರೆಮಾಡುತ್ತದೆ. ಅಲ್ಲಾಹನ ಗ್ರಂಥ ಮತ್ತು ಪ್ರವಾದಿ(ಸ)ಯವರ ಚರ್ಯೆ ಎಂಬ ಹಗಲ ಬೆಳಕಿನಲ್ಲಿ ಅದನ್ನು ಇಟ್ಟು ನೋಡಿರಿ. ಅದರ ನಿಜವಾದ ಗಾತ್ರ ತಿಳಿಯುತ್ತದೆ.

ಅಲ್ಲಾಹನು ನಮಗೆ ಸತ್ಯದ ಬೆಳಕನ್ನು ಗುರುತಿಸುವ ಕಣ್ಣನ್ನೂ, ಕತ್ತಲಲ್ಲಿರುವ ಸಹೋದರನ ಕೈಹಿಡಿಯುವ ಮನಸ್ಸನ್ನೂ ದಯಪಾಲಿಸಲಿ. ಆಮೀನ್.